ಪೈಪು ನಮ್ಮದು, ಪ್ರವಾಹ ನಿಮ್ಮದು

ರಾತ್ರಿ ಎರಡೂವರೆಗೆ ಬಾಯಾರಿ ಎಚ್ಚರ ಆಯಿತು. ನೀರು ಕುಡಿಯೋಣ ಅಂತ ಮಂಚದಿಂದ ಕಾಲು ಇಳಿಸಿದೆ. ನೀರೇ ನನ್ನನ್ನು ಹುಡುಕಿಕೊಂಡು ಬಂದಿತ್ತು. ಪಾದ ಮುಳುಗುವಷ್ಟು. ಕತ್ತಲಲ್ಲಿ ಒಂದು ಚಪ್ಪಲಿ ತೇಲಿ ಬಂದು ಕಾಲಿಗೆ ತಾಗಿ, ದಾರಿ ಬದಲಿಸಿ ಮುಂದೆ ಹೋಯಿತು.

ವಾಷಿಂಗ್ ಮೆಷಿನ್ನಿಗೆ ನೀರು ತರುವ ಪೈಪು ಒಡೆದಿತ್ತು. ಮೆಷಿನ್ ಆಫ್ ಆಗಿತ್ತಲ್ಲ ಅಂತ ನಾನೂ ಅಂದುಕೊಂಡೆ. ಆದರೆ ಆ ಪೈಪಿಗೆ ಆಫ್ ಅನ್ನೋದೇ ಇಲ್ಲ. ಗೋಡೆಯ ನಲ್ಲಿ ಮುಚ್ಚದಿದ್ದರೆ ಅದು ಹಗಲೂ ರಾತ್ರಿ ನೀರಿನ ಒತ್ತಡ ಹೊತ್ತುಕೊಂಡೇ ನಿಂತಿರುತ್ತದೆ. ಆ ನಲ್ಲಿ ಮುಚ್ಚುವವರು ನಮ್ಮ ಮನೆಯಲ್ಲಿ ಆವತ್ತಿನವರೆಗೆ ಯಾರೂ ಇರಲಿಲ್ಲ. ಈಗ ಮೂರು ಜನ ಇದ್ದೇವೆ. ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ಎದ್ದು ಹೋಗಿ ನೋಡಿ ಬರುತ್ತೇವೆ.

ಟಾರ್ಚ್ ಬಿಟ್ಟು ನೋಡಿದೆ. ಪೈಪಿನ ತುದಿಯ ಲೋಹದ ಬಿಗಿಯುಂಗುರದ ಪಕ್ಕದಲ್ಲೇ ರಬ್ಬರು ಒಂದು ಬೆರಳಿನಷ್ಟು ಉದ್ದ ಸೀಳಿತ್ತು. ತುಟಿ ಬಿರಿದು ನಕ್ಕ ಹಾಗೆ. ನಕ್ಕಿದ್ದು ಯಾರನ್ನು ನೋಡಿ ಅಂತ ಆಮೇಲೆ ಗೊತ್ತಾಯಿತು.

ಬೆಳಗಾಗುವ ಹೊತ್ತಿಗೆ ಲೆಕ್ಕ ಸಿಕ್ಕಿತು. ನೆಲದ ಮೇಲಿಟ್ಟಿದ್ದ ಕಂಪ್ಯೂಟರ್ ಹೋಯಿತು. ಮಂಚದ ಕಾಲುಗಳು ಊದಿಕೊಂಡವು. ಕಪಾಟಿನ ಕೆಳಗಿನ ಎರಡು ಸಾಲು ಪುಸ್ತಕ ನೀರು ಹೀರಿ ಉಬ್ಬಿ, ಒಂದಕ್ಕೊಂದು ಒತ್ತಿಕೊಂಡು ಕಲ್ಲಾದವು. ನಿಘಂಟಂತೂ ಎರಡು ಕೈಯಲ್ಲಿ ಎಳೆದರೂ ಹೊರಗೆ ಬರಲಿಲ್ಲ. ಬಂದಿದ್ದರೆ ಮೊದಲು 'ಪರಿಹಾರ' ಅನ್ನುವ ಪದದ ಅರ್ಥ ನೋಡಿಕೊಳ್ಳುತ್ತಿದ್ದೆ. ಯಾಕೆಂದರೆ ಮುಂದಿನ ಐದು ತಿಂಗಳು ನಾನೂ ಕಂಪನಿಯೂ ಜಗಳ ಆಡಿದ್ದು ಆ ಒಂದು ಪದದ ಮೇಲೆ. ನಾನು ಪರಿಹಾರ ಕೊಡಿ ಅನ್ನುತ್ತಿದ್ದೆ. ಅವರು ಪರಿಹಾರ ಆಯಿತಲ್ಲ ಅನ್ನುತ್ತಿದ್ದರು.

ಕಂಪನಿಗೆ ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಮುಖ್ಯ ಅಂತ ಒಂದು ಧ್ವನಿ ಹೇಳಿತು. ಎಷ್ಟು ಮುಖ್ಯ ಅಂದರೆ, ಎತ್ತಿ ಹಾಳು ಮಾಡಲು ಅವರಿಗೆ ಮನಸ್ಸು ಬರಲಿಲ್ಲ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಸಿಕ್ಕ ಹುಡುಗಿ ಬಹಳ ಒಳ್ಳೆಯವಳು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂದಳು. ಮನೆಯಲ್ಲಿ ಮೀನು ಸಾಕುವಷ್ಟು ನೀರು ನಿಂತರೆ ಅದಕ್ಕೆ ಅನಾನುಕೂಲ ಅಂತ ಹೆಸರು. ಟೈಟಾನಿಕ್ ಮುಳುಗಿದ್ದಕ್ಕೂ ಇವರ ಹತ್ತಿರ ಇದೇ ವಾಕ್ಯ ಇರಬೇಕು.

ಮರುದಿನ ಟೆಕ್ನೀಷಿಯನ್ ಬಂದ. ಮಂಡಿಯವರೆಗೆ ಪ್ಯಾಂಟ್ ಮಡಚಿಕೊಂಡೇ ಒಳಗೆ ಬಂದ. ಅಂದರೆ ಅನುಭವಸ್ಥ. ಒಡೆದ ಪೈಪು ಬಿಚ್ಚಿ ಹೊಸದು ಹಾಕಿದ. ಹನ್ನೊಂದು ನಿಮಿಷದ ಕೆಲಸ. ಹಳೆಯ ಪೈಪನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಲ್ಯಾಬಿಗೆ ಹೋಗಬೇಕು ಸರ್ ಅಂದ. ಲ್ಯಾಬ್ ಅನ್ನುವ ಪದಕ್ಕೆ ನನಗೆ ಚಿಕ್ಕಂದಿನಿಂದ ಗೌರವ ಜಾಸ್ತಿ. ಕೊಟ್ಟೆ. ಕಳ್ಳತನ ಆದ ಮನೆಯವನು ಕಳ್ಳನ ಕೈಗೇ ಬೆರಳಚ್ಚು ಕೊಟ್ಟು ಕಳಿಸಿದ ಹಾಗಾಯಿತು.

ಹೊರಡುವಾಗ ಕೇಳಿದ: "ಸರ್, ಓಟಿಪಿ ಬಂದಿರುತ್ತೆ, ಹೇಳಿ."

ನಾಲ್ಕು ಅಂಕಿ ಹೇಳಿದೆ. ಅವನು ಗೇಟು ದಾಟುವ ಮೊದಲೇ ಮೆಸೇಜ್ ಬಂತು. ನಿಮ್ಮ ದೂರಿಗೆ ಪರಿಹಾರ ದೊರೆತಿದೆ, ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?

ಮತ್ತೆ ಫೋನ್ ಮಾಡಿದೆ. ಪೈಪು ಸರಿ ಆಯಿತಮ್ಮ, ಅದು ಹಾಳು ಮಾಡಿದ್ದರ ಕತೆ ಏನು ಅಂದೆ. ಈ ಸಲ ಸಿಕ್ಕವಳು ವಾರಂಟಿ ಕಾರ್ಡಿನ ಹಿಂಬದಿ ನೋಡಿ ಅಂದಳು. ಇರುವೆಗಳು ಓದಲಿ ಅಂತಲೇ ಅಚ್ಚು ಹಾಕಿಸಿದ ಅಕ್ಷರ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ. ದೋಷ ಇರುವ ಬಿಡಿಭಾಗವನ್ನು ಬದಲಾಯಿಸಿ ಕೊಡುವುದಷ್ಟೇ ಕಂಪನಿಯ ಹೊಣೆ. ಅದರ ಪರಿಣಾಮವಾಗಿ ನೇರವಾಗಿ ಆಗಲಿ, ಪರೋಕ್ಷವಾಗಿ ಆಗಲಿ ಆಗುವ ಯಾವ ನಷ್ಟಕ್ಕೂ ಕಂಪನಿ ಜವಾಬ್ದಾರಿ ಅಲ್ಲ. ಪೈಪು ನಮ್ಮದು, ಪ್ರವಾಹ ನಿಮ್ಮದು ಅಂತ ಒಂದೇ ಸಾಲಿನಲ್ಲಿ ಹೇಳಬಹುದಿತ್ತು. ಕಾಗದ ಉಳಿಯುತ್ತಿತ್ತು.

ಪ್ರವಾಹವೂ ಮಾಡಿದವನದೇ ಅನ್ನುವ ವಿಷಯ ಬ್ಯಾಬಿಲೋನಿನ ಹಮ್ಮುರಾಬಿ ಅನ್ನುವ ರಾಜನಿಗೆ ಸುಮಾರು 3,750 ವರ್ಷದ ಹಿಂದೆ ಅರ್ಥ ಆಗಿತ್ತು ನೋಡಿ. ಅವನು ನಿಯಮಗಳನ್ನು ಆಳೆತ್ತರಕ್ಕೂ ಮೀರಿದ ಕಪ್ಪು ಕಲ್ಲಿನಲ್ಲಿ ಕೆತ್ತಿಸಿದ. ಅದು 1901ರಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕಿ ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಕಟ್ಟಿಕೊಟ್ಟ ಮನೆ ಕುಸಿದು ಮಾಲೀಕ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಅನ್ನುತ್ತದೆ 229ನೆಯ ನಿಯಮ. ಅಷ್ಟು ದೂರ ನಾನು ಹೋಗುವುದಿಲ್ಲ. ನನ್ನ ಮನೆಯಲ್ಲಿ ತೀರಿಕೊಂಡಿದ್ದು ಕಂಪ್ಯೂಟರ್ ಮಾತ್ರ. ನನಗೆ ಬೇಕಾಗಿದ್ದು 232. ಮನೆ ಕುಸಿದು ಸಾಮಾನು ಹಾಳಾದರೆ, ಹಾಳಾದ ಎಲ್ಲವನ್ನೂ ಕಟ್ಟಿದವನು ತುಂಬಿಕೊಡಬೇಕು, ಗಟ್ಟಿಯಾಗಿ ಕಟ್ಟದ ತಪ್ಪಿಗೆ ಮನೆಯನ್ನೂ ತನ್ನ ಖರ್ಚಿನಲ್ಲೇ ಮತ್ತೆ ಕಟ್ಟಬೇಕು. ಮನೆಯೂ ಬಂತು, ಸಾಮಾನೂ ಬಂತು. ಷರತ್ತುಗಳು ಅನ್ವಯ ಅನ್ನುವ ಸ್ಟಾರ್ ಮಾರ್ಕ್ ಇಲ್ಲ. ಕಲ್ಲಿನಲ್ಲಿ ಅಷ್ಟು ಸಣ್ಣ ಅಕ್ಷರ ಕೆತ್ತುವುದು ಕಷ್ಟ ಅನ್ನುವುದೂ ಒಂದು ಕಾರಣ ಇರಬಹುದು.

ಈಗಿನ ಕಾನೂನು ಅದನ್ನೇ ಎರಡು ಪಾಲು ಮಾಡಿದೆ. ವಾರಂಟಿ ಅಂತ ಹೋದರೆ ಪೈಪು ಮಾತ್ರ ಸಿಗುತ್ತದೆ. ಉತ್ಪನ್ನ ಹೊಣೆಗಾರಿಕೆ, ಅಂದರೆ ದೋಷದ ವಸ್ತು ಮಾಡಿದ ಹಾನಿಗೆ ತಯಾರಕನೇ ಹೊಣೆ, ಅಂತ ಹೋದರೆ ಪೈಪು ಬಿಟ್ಟು ಉಳಿದದ್ದು. ಯುರೋಪಿನ ದೇಶಗಳ ಒಕ್ಕೂಟ 1985ರಲ್ಲಿ ಹೊರಡಿಸಿದ ಕಾನೂನು ನಿರ್ದೇಶನದಲ್ಲೂ ಅಷ್ಟೇ, ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅಷ್ಟೇ. ಆಸ್ತಿಗೆ ಹಾನಿ ಅಂದರೆ ಆ ವಸ್ತುವನ್ನು ಬಿಟ್ಟು ಬೇರೆಯದಕ್ಕೆ ಆದ ಹಾನಿ. ಹೀಗೆ ಎರಡು ಬಾಗಿಲು ಇವೆ. ಆದರೆ ಕಾಲ್ ಸೆಂಟರ್‌ನವರ ಹತ್ತಿರ ಇರುವುದು ಮೊದಲನೆಯ ಬಾಗಿಲಿನ ವಿಳಾಸ ಮಾತ್ರ. ಎರಡನೆಯದು ಎಲ್ಲಿ ಅಂತ ಕೇಳಿದರೆ ಮತ್ತೆ ಸಂಗೀತ.

ನಾನೂ ಬಿಡಲಿಲ್ಲ. ಹಾಳಾದದ್ದರ ಪಟ್ಟಿ, ಫೋಟೊ, ಬಿಲ್ಲು ಎಲ್ಲ ಸೇರಿಸಿ ಕಳಿಸಿದೆ. ಒಂಬತ್ತು ದಿನ ಆದ ಮೇಲೆ ಉತ್ತರ ಬಂತು. ಮೆಷಿನ್ನಿನ ಬಿಲ್ ನಿಮ್ಮ ಹೆಸರಲ್ಲಿಲ್ಲ, ಹಾಗಾಗಿ ನೀವು ನಮ್ಮ ಗ್ರಾಹಕರಲ್ಲ. ನಿಜ, ಮೆಷಿನ್ ನಮ್ಮ ಭಾವ ಕೊಟ್ಟ ಉಡುಗೊರೆ. ನೀರಿಗೂ ಇದು ಮೊದಲೇ ಗೊತ್ತಿದ್ದರೆ ಭಾವನ ಮನೆಗೇ ಹೋಗುತ್ತಿತ್ತೋ ಏನೋ.

ಇದು ಹೊಸ ವಾದ ಅಲ್ಲ. 1928ರ ಆಗಸ್ಟ್ 26ರಂದು ಸ್ಕಾಟ್ಲೆಂಡಿನ ಪೇಸ್ಲಿಯ ಒಂದು ಕೆಫೆಯಲ್ಲಿ ಮೇ ಡೊನೊಹ್ಯೂ ಅನ್ನುವ ಹೆಂಗಸಿಗೆ ಅವಳ ಗೆಳತಿ ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿ ಕಪ್ಪಗಿತ್ತು, ಒಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ. ಅರ್ಧ ಕುಡಿದು ಉಳಿದದ್ದನ್ನು ಸುರಿದಾಗ ಕೊಳೆತ ಬಸವನ ಹುಳು ಹೊರಗೆ ಬಂತಂತೆ. ಕಾಯಿಲೆ ಬಿದ್ದಳು, ತಯಾರಕನ ಮೇಲೆ ಕೇಸು ಹಾಕಿದಳು. ದುಡ್ಡು ಕೊಟ್ಟಿದ್ದು ಗೆಳತಿ, ಆದ್ದರಿಂದ ನಿನಗೂ ನನಗೂ ಏನು ಸಂಬಂಧ ಅನ್ನುವುದು ಆ ಕಾಲದ ತಯಾರಕರ ರಕ್ಷಾಕವಚ. 1932ರಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ಆಗಿ, ಸಂಬಂಧ ಇದೆ ಅಂದಿತು. ಕೊನೆಗೆ ಬಳಸುವವರು ಯಾರೋ ಅವರ ಬಗ್ಗೆ ತಯಾರಿಸುವವನಿಗೆ ಎಚ್ಚರ ಇರಬೇಕು ಅಂತ. ಅಷ್ಟಾದರೂ ಬಾಟಲಿಯಲ್ಲಿ ಹುಳು ನಿಜವಾಗಿಯೂ ಇತ್ತೇ ಅನ್ನುವುದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ. ಆ ಹಂತಕ್ಕೆ ಬರುವ ಮೊದಲೇ ರಾಜಿ ಆಯಿತು. ಜಗತ್ತಿನ ಕಾನೂನು ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಹುಳು, ಇತ್ತೋ ಇಲ್ಲವೋ! ನನ್ನ ಪೈಪು ಅಷ್ಟು ಅದೃಷ್ಟವಂತ ಅಲ್ಲ. ಅದು ಖಂಡಿತ ಇತ್ತು, ಲ್ಯಾಬಿನಲ್ಲಿ.

ಇದನ್ನೆಲ್ಲ ಬರೆದು ಕಳಿಸಿದೆ. ಬಸವನ ಹುಳುವಿನ ಭಾಗವನ್ನು ಅವರು ಓದಿದ ಲಕ್ಷಣ ಕಂಡಿತು. ಉತ್ತರದಲ್ಲಿ, ನಮ್ಮ ಉತ್ಪನ್ನದಲ್ಲಿ ಯಾವುದೇ ಹುಳು ಇರುವುದಿಲ್ಲ ಎಂದು ಖಚಿತಪಡಿಸುತ್ತೇವೆ ಅಂತ ಇತ್ತು. ದೂರು ಮತ್ತೆ ಮುಚ್ಚಿತು. ಮತ್ತೆ ಸ್ಟಾರ್ ಕೇಳಿದರು.

ನನ್ನ ಹತ್ತಿರ ಇನ್ನೊಂದು ಬಾಣ ಇತ್ತು. ಅವರದೇ ಜಾಹೀರಾತು. ಅದರಲ್ಲಿ ಒಂದು ಸಂಸಾರ ಇಡೀ ಹಾಯಾಗಿ ಮಲಗಿರುತ್ತದೆ, ಮೂಲೆಯಲ್ಲಿ ಮೆಷಿನ್ ಹೊಳೆಯುತ್ತಿರುತ್ತದೆ. ಚಿಂತೆ ನಮಗೆ ಬಿಡಿ, ನೀವು ನಿದ್ದೆ ಮಾಡಿ ಅಂತ ದಪ್ಪ ಅಕ್ಷರ. ನಾನು ಅದನ್ನೇ ಮಾಡಿದ್ದು ಅಲ್ವಾ? ಅದು ಭಾವನಾತ್ಮಕ ಸಂದೇಶ ಸರ್, ಅಕ್ಷರಶಃ ತಗೋಬಾರದು ಅಂದರು. ದಪ್ಪ ಅಕ್ಷರ ಭಾವನೆಗೆ, ಸಣ್ಣ ಅಕ್ಷರ ಕೋರ್ಟಿಗೆ.

ಈ ಜಾಣತನ ಎಲ್ಲಿಂದ ಬಂತು ಅಂತಲೂ ಹೇಳಿಬಿಡುತ್ತೇನೆ. 1891ರಲ್ಲಿ ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ ಒಂದು ಹೊಗೆ ಚೆಂಡು ಮಾರುತ್ತಿತ್ತು. ಹೇಳಿದ ಹಾಗೆ ಮೂಗಿಗೆ ಹಿಡಿದ ಮೇಲೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ, ನಂಬಿಕೆಗೆ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಅಂತ ಜಾಹೀರಾತು. ಲೂಯಿಸಾ ಕಾರ್ಲಿಲ್ ಅನ್ನುವವಳು ದಿನಕ್ಕೆ ಮೂರು ಸಲ ಎಂಬಂತೆ ಎರಡು ತಿಂಗಳ ಹತ್ತಿರ ಅದನ್ನು ಸೇದಿದಳು. ಫ್ಲೂ ಬಂತು. ದುಡ್ಡು ಕೇಳಿದಳು. ಅದು ಸುಮ್ನೆ ಬಡಾಯಿ, ಯಾರಾದರೂ ನಂಬುತ್ತಾರಾ ಅಂದಿತು ಕಂಪನಿ. ಬಡಾಯಿಯಾದರೆ ಬ್ಯಾಂಕಿನಲ್ಲಿ ದುಡ್ಡು ಯಾಕೆ ಇಟ್ಟಿರಿ ಅಂದಿತು ಕೋರ್ಟು. ಕೊಡಿಸಿಯೂ ಬಿಟ್ಟಿತು. ಕಂಪನಿ ಆಮೇಲೆ ಮಾಡಿದ್ದು ಇನ್ನೂ ಚೆನ್ನಾಗಿದೆ. 1893ರಲ್ಲಿ ಹೊಸ ಜಾಹೀರಾತು ಕೊಟ್ಟು ಬಹುಮಾನವನ್ನು 200 ಪೌಂಡಿಗೆ ಏರಿಸಿತು. ಆದರೆ ಈ ಸಲ ಮೊದಲು ಷರತ್ತುಗಳ ಪ್ರತಿ ತರಿಸಿಕೊಂಡು, ಸಹಿ ಮಾಡಿ ಕಂಪನಿಗೆ ಒಪ್ಪಿಸಿ, ಆಮೇಲೆ ಸೇದಲು ಶುರು ಮಾಡಬೇಕು. ನಾವು ದಿನಾ ಓದದೆ ಒಪ್ಪಿಗೆ ಒತ್ತುತ್ತೇವಲ್ಲ, ಆ ನಿಯಮ ಮತ್ತು ಷರತ್ತುಗಳ ಮುತ್ತಜ್ಜಿ ಇವಳೇ.

ಇಷ್ಟರಲ್ಲಿ ನನ್ನ ದೂರು ಏಳು ಸಲ ಮುಚ್ಚಿ ಏಳು ಸಲ ಹೊಸ ನಂಬರಿನಲ್ಲಿ ಹುಟ್ಟಿತ್ತು. ಪ್ರತಿ ಜನ್ಮದಲ್ಲೂ ಹಿಂದಿನ ಜನ್ಮದ ನೆನಪು ಇರುತ್ತಿರಲಿಲ್ಲ. ನೀರು ಎಲ್ಲಿಂದ ಬಂತು ಸರ್ ಅಂತ ಮೊದಲಿನಿಂದ. ಈಗಿನ ಇರಾಕಿನಲ್ಲಿದ್ದ ಊರ್ ಅನ್ನುವ ಹಳೆಯ ಪಟ್ಟಣದಲ್ಲಿ, ಹಮ್ಮುರಾಬಿಯ ಕಾಲದ ಸುಮಾರಿಗೆ, ಎಯಾನಾಸಿರ್ ಅನ್ನುವ ತಾಮ್ರದ ವ್ಯಾಪಾರಿ ಇದ್ದ. ಕಳಪೆ ತಾಮ್ರ ತೋರಿಸಿದ್ದಲ್ಲದೆ ನನ್ನ ಆಳುಗಳಿಗೆ ಅವಮಾನ ಮಾಡಿದ್ದೀಯ ಅಂತ ನನ್ನಿ ಅನ್ನುವ ಗಿರಾಕಿ ಅವನಿಗೆ ಜೇಡಿಮಣ್ಣಿನ ಹಲಗೆಯಲ್ಲಿ ಬೈದು ಬರೆದ. ಮೊಬೈಲಿಗಿಂತ ಸ್ವಲ್ಪ ಗಿಡ್ಡ ಹಲಗೆ, ಎರಡೂ ಬದಿ ಸಿಟ್ಟು. ಈಗ ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಎಯಾನಾಸಿರನನ್ನು ನೋಡಿ ಜನ ನಗುತ್ತಾರೆ. ನನಗೆ ಅವನ ಮೇಲೆ ಗೌರವ ಬಂದಿದೆ. ಅವನದೇ ಇರಬೇಕು ಅನ್ನುವ ಮನೆಯಲ್ಲಿ ಬೇರೆ ಗಿರಾಕಿಗಳು ಬೈದ ಹಲಗೆಗಳೂ ಸಿಕ್ಕಿವೆ. ಮೋಸಗಾರ ಇರಬಹುದು, ಆದರೆ ದೂರುಗಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದ. ಓಟಿಪಿ ಕೇಳಿರಲಿಲ್ಲ.

ಐದನೆಯ ತಿಂಗಳು ಲ್ಯಾಬಿನ ವರದಿ ಬಂತು. ಲ್ಯಾಬ್ ಕಂಪನಿಯದೇ. ಪೈಪನ್ನು ಪರೀಕ್ಷೆ ಮಾಡಿದ್ದೇವೆ, ತಯಾರಿಕೆಯ ದೋಷ ಕಂಡುಬಂದಿಲ್ಲ, ನೀರಿನ ಒತ್ತಡ ಕಾರಣ ಇರಬಹುದು. ನೀರಿನ ಪೈಪಿನಲ್ಲಿ ನೀರು ಬರುತ್ತದೆ ಅನ್ನುವುದು ಅವರಿಗೆ ಅನಿರೀಕ್ಷಿತ. 1985ರ ಆ ಯುರೋಪಿನ ನಿರ್ದೇಶನವೂ ದೋಷ, ಹಾನಿ, ಎರಡರ ನಡುವಿನ ನಂಟು, ಮೂರನ್ನೂ ಸಾಬೀತು ಮಾಡುವ ಭಾರವನ್ನು ಒದ್ದೆಯಾದವನ ತಲೆಗೇ ಕಟ್ಟಿತ್ತು. 2024ರಲ್ಲಿ ಅದನ್ನು ತಿದ್ದಿ ಬರೆದರು. ಕೋರ್ಟು ಕೇಳಿದ ಸಾಕ್ಷ್ಯವನ್ನು ಕಂಪನಿ ತೋರಿಸದಿದ್ದರೆ ದೋಷ ಇತ್ತು ಅಂತಲೇ ತಿಳಿಯಬಹುದು. ಆದರೆ ಅದು 2026ರ ಡಿಸೆಂಬರ್ 9ರ ನಂತರ ಮಾರುಕಟ್ಟೆಗೆ ಬರುವ ವಸ್ತುಗಳಿಗೆ. ನನ್ನ ಪೈಪು ಅವಸರದ್ದು, ಮೊದಲೇ ಹುಟ್ಟಿ ಮೊದಲೇ ಒಡೆಯಿತು.

ಸರಿ ಅಂತ ಕೊನೆಯದಾಗಿ ಒಂದು ಸಣ್ಣ ಪತ್ರ ಬರೆದೆ. ವಕೀಲರ ಹತ್ತಿರ ಹೋಗುವ ಮೊದಲು ಒಂದು ಮಾತು. ಪೈಪಿನಲ್ಲಿ ದೋಷ ಇಲ್ಲ ಅಂದಿದ್ದೀರಿ, ಬಹಳ ಸಂತೋಷ. ದೋಷ ಇಲ್ಲದ ನನ್ನ ಪೈಪನ್ನು ನನಗೆ ವಾಪಸ್ ಕಳಿಸಿ. ಅದನ್ನೇ ಮತ್ತೆ ಹಾಕಿಕೊಂಡು ಬಟ್ಟೆ ಒಗೆಯುತ್ತೇನೆ.

ಐದು ತಿಂಗಳಲ್ಲಿ ಮೊದಲ ಸಲ, ಎರಡೇ ಗಂಟೆಯಲ್ಲಿ ಉತ್ತರ ಬಂತು.

"ಮಾನ್ಯ ಗ್ರಾಹಕರೇ, ಸುರಕ್ಷತೆಯ ದೃಷ್ಟಿಯಿಂದ ಸದರಿ ಪೈಪು ಬಳಕೆಗೆ ಯೋಗ್ಯವಲ್ಲ. ಆದ್ದರಿಂದ ಹಿಂದಿರುಗಿಸಲು ಸಾಧ್ಯವಿಲ್ಲ. ನಿಮ್ಮ ಸಮಸ್ಯೆಗೆ ಪರಿಹಾರ ದೊರೆತಿದೆ ಎಂದು ಭಾವಿಸುತ್ತೇವೆ."

ಈ ಸಲ ಐದು ಸ್ಟಾರ್ ಕೊಟ್ಟೆ. ಉತ್ತರದ ಪ್ರಿಂಟ್ ತೆಗೆದು ವಕೀಲರಿಗೆ ಒಂದು ಪ್ರತಿ ಕೊಟ್ಟಿದ್ದೇನೆ. ಇನ್ನೊಂದನ್ನು ಕಪಾಟಿನ ಮೇಲಿನ ಸಾಲಿನಲ್ಲಿ ಇಟ್ಟಿದ್ದೇನೆ.