ಅಲ್ಲಿ ದೆವ್ವ ಇಲ್ಲ ಮಾರಾಯ

ಮೊನ್ನೆ ಅಕ್ಕನ ಮಗ ವಾಟ್ಸಾಪಲ್ಲಿ ಒಂದು ರೀಲ್ ಕಳಿಸಿದ. ಕರ್ನಾಟಕದ ಭಯಾನಕ ಜಾಗಗಳು, ಧೈರ್ಯ ಇದ್ದರೆ ಮಾತ್ರ ಹೋಗಿ ಅಂತ. ಕೆಳಗೆ "ಮಾಮ, ಈ ಬೇಸಿಗೆಗೆ ಹೋಗೋಣ್ವಾ?" ಅಂತ ಪ್ರಶ್ನೆ ಬೇರೆ. ನೋಡಿದೆ. ಡ್ರೋನ್ ಚಿತ್ರ, ಹಿಂದೆ ನರಿ ಊಳಿಡುವ ಸದ್ದು, ನಡುನಡುವೆ ಒಬ್ಬ ಹೆಂಗಸಿನ ಕಿರುಚಾಟ. ಶೆಟ್ಟಿಹಳ್ಳಿ ಚರ್ಚ್, ತಲಕಾಡು, ಕೆಜಿಎಫ್ ಎಲ್ಲ ಬಂತು. ಕೊನೆಗೆ ಬಂದಿದ್ದು ನಮ್ಮ ಶರಾವತಿ ಹಿನ್ನೀರಿನ ಮಡೆನೂರು ಡ್ಯಾಮ್. ಅದರ ಮೇಲೆ ಕೆಂಪಕ್ಷರದಲ್ಲಿ "ದೆವ್ವಗಳ ಅಣೆಕಟ್ಟು". ಮೊದಲು ನಗು ಬಂತು. ಆಮೇಲೆ ಸಿಟ್ಟೂ ಬಂತು.

ಆ ಕಡೆಯೇ ನನ್ನ ಅಜ್ಜಿಯ ತವರು. ಇತ್ತು ಅನ್ನಬೇಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಡೆನೂರಿನಲ್ಲಿದ್ದದ್ದು ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಮುಗಿಯಿತು. ಜೋಗದಲ್ಲಿ ವಿದ್ಯುತ್ ಮಾಡಲು ನೀರು ಬೇಕಿತ್ತಲ್ಲ, ಅದಕ್ಕೆ. ನೀರು ತುಂಬಿದಾಗ ಗೇಟು ಎತ್ತುವ ಕೆಲಸವಿಲ್ಲದೆ ತಾನಾಗೇ ಹೊರಗೆ ಹೋಗಲಿ ಅಂತ ಗಣೇಶ ಅಯ್ಯರ್ ಅನ್ನುವ ಎಂಜಿನಿಯರ್ ರೂಪಿಸಿದ ಸೈಫನ್‌ಗಳು ಅಲ್ಲಿವೆ, ಈಗಲೂ ನೋಡಿದರೆ ಎಂಥ ತಲೆ ಅನಿಸುತ್ತದೆ. ಇಷ್ಟೆಲ್ಲ ಮಾಡಿ ಅದು ಬದುಕಿದ್ದು 16 ವರ್ಷ. 1964ರಲ್ಲಿ ಲಿಂಗನಮಕ್ಕಿ ಬಂತು, ದೊಡ್ಡ ಡ್ಯಾಮಿನ ನೀರಲ್ಲಿ ಚಿಕ್ಕ ಡ್ಯಾಮ್ ಮುಳುಗಿತು. ಮಳೆ ಕಡಿಮೆಯಾದ ವರ್ಷ, ಏಪ್ರಿಲ್ ಮೇ ಹೊತ್ತಿಗೆ ನೀರು ಇಳಿದರೆ ಮೇಲೆ ಬರುತ್ತದೆ. ಅಷ್ಟು ವರ್ಷ ನೀರಲ್ಲಿದ್ದರೂ ಕಲ್ಲು ಕದಲಿಲ್ಲ.

ಮುಳುಗಿದ್ದು ಡ್ಯಾಮ್ ಒಂದೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ವರ್ಷದ ಲೆಕ್ಕವೇ ಬೇರೆ ಇತ್ತು. "ಅದು ಮುಳುಗಡೆಗೆ ಮುಂಚೆ", "ನಿನ್ನ ದೊಡ್ಡಪ್ಪ ಹುಟ್ಟಿದ್ದು ಮುಳುಗಡೆ ಆದಮೇಲೆ", ಹೀಗೆ. ಅಜ್ಜಿಯ ಅಣ್ಣಂದಿರು ಮನೆ ಬಿಚ್ಚಿ ಹೆಂಚು, ತೊಲೆ, ಬಾಗಿಲು ಎಲ್ಲ ಲಾರಿಗೆ ಹೇರಿಕೊಂಡು ಬಂದರಂತೆ. ಫಲ ಬಿಡುತ್ತಿದ್ದ ಅಡಿಕೆ ತೋಟವನ್ನು ಎಲ್ಲಿಗೆ ಹೇರುವುದು? ಅಜ್ಜಿ ಸಾಯುವವರೆಗೂ ಹೇಳುತ್ತಿದ್ದುದು ಮನೆಯ ಸುದ್ದಿ ಅಲ್ಲ, ಆ ವರ್ಷ ಕೊಯ್ಯದೆ ಬಿಟ್ಟ ಅಡಿಕೆ ಕೊನೆಗಳ ಸುದ್ದಿ.

ಇನ್ನು ಈ "ಭೂತ" ಅನ್ನುವ ಪದ. ರೀಲಿನವನು ಹತ್ತು ಸಲ ಭೂತ ಭೂತ ಅಂದ. ನಮ್ಮ ಕಡೆ ಭೂತ ಅಂದರೆ ಹೆದರಿ ಓಡುವಂಥದ್ದಲ್ಲ. ಭೂತಪ್ಪ ಗಡಿ ಕಾಯುವವನು, ಚೌಡಿ ತೋಟ ಕಾಯುವವಳು. ಹಸು ಕಳೆದರೆ ಹೇಳಿಕೊಳ್ಳುವುದು ಅವರಿಗೇ. ಅಜ್ಜಿಯ ತವರಿನವರು ಹಳೇ ಜಾಗದ ಚೌಡಿ ಕಲ್ಲನ್ನು ತರಲಿಲ್ಲ, ಅವಳು ಆ ನೆಲದವಳು ಅಂತ. ಹಾಗಾಗಿ ನೀರು ತೀರಾ ಇಳಿದ ವರ್ಷ ಮನೆಯವರು ಕೆಸರು ತುಳಿದುಕೊಂಡು ಹೋಗಿ ಕಾಯಿ ಒಡೆದು ಬರುತ್ತಾರೆ. ನಾನು ಹೋಗಿದ್ದು ಎರಡೇ ಸಲ. ಮರದ ಬೊಡ್ಡೆಗಳು, ಒಂದು ಬಾವಿ ಕಟ್ಟೆಯ ಗುರುತು, ಬಿಸಿಲು. ಹೆದರಿಕೆ ಆಗುವಂಥದ್ದು ಏನೂ ಇರಲಿಲ್ಲ, ಸಂಕಟ ಮಾತ್ರ ಆಯಿತು.

ಆ ರೀಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಹಾಸನದ ಹತ್ತಿರ, ಹೇಮಾವತಿ ಹಿನ್ನೀರಿನಲ್ಲಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಡ್ಯಾಮ್ ಆದಮೇಲೆ ಊರವರನ್ನು ಎಬ್ಬಿಸಿದರು, ಚರ್ಚ್ ಒಂದೇ ನಿಂತಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಸೂರು ಯಾವತ್ತೋ ಹೋಗಿದೆ, ಗೋಡೆಗಳು ಮಳೆಯಿಂದ ಮಳೆಗೆ ಒಂದಷ್ಟು ಕುಸಿಯುತ್ತಿವೆ. ನಿಜ ಹೇಳಬೇಕೆಂದರೆ ನಾನು ನೋಡಿದ ಪಾಳು ಕಟ್ಟಡಗಳಲ್ಲಿ ಇಷ್ಟು ಚಂದದ್ದು ಇನ್ನೊಂದಿಲ್ಲ. ಬೆಳಗ್ಗೆ ಬೇಗ ಹೋಗಿ, ಕಮಾನಿನ ಕಿಟಕಿಯಿಂದ ಹಿಂದಿನ ನೀರು ಕಾಣುತ್ತದೆ. ಆದರೆ ಅಲ್ಲಿಗೆ ಬಂದವರಲ್ಲಿ ಒಬ್ಬರಾದರೂ "ಇಲ್ಲಿ ಪ್ರಾರ್ಥನೆಗೆ ಬರುತ್ತಿದ್ದವರು ಎಲ್ಲಿಗೆ ಹೋದರು" ಅಂತ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಎಲ್ಲರೂ ಕೇಳುವುದು ರಾತ್ರಿ ಏನಾದರೂ ಸದ್ದು ಬರುತ್ತಾ ಅಂತ.

ತಲಕಾಡಿನ ಕತೆ ಎಲ್ಲರಿಗೂ ಬಾಯಿಪಾಠ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಒಡವೆಗೆ ಜನ ಕಳಿಸಿದರು, ಅವಳು "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಅಂತ ಶಪಿಸಿ ಕಾವೇರಿಗೆ ಹಾರಿದಳು. ಅಧ್ಯಯನ ಮಾಡಿದವರು ಹೇಳುವುದು ಬೇರೆ. ಮೇಲ್ಗಡೆ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಹೊಳೆ ಸಣ್ಣದಾಯಿತು, ತಿರುವಿನಲ್ಲಿ ಮರಳು ಬಯಲಾಯಿತು, ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಅಂತ. ಅಲ್ಲೂ ಒಂದು ಕಟ್ಟೆ! ಅಲಮೇಲಮ್ಮನ ಬಗ್ಗೆ ನನಗೆ ತಕರಾರಿಲ್ಲ ಬಿಡಿ. ಅರಮನೆಯವರೇ ನವರಾತ್ರಿಯಲ್ಲಿ ಅವಳ ಮೂರ್ತಿಗೆ ಪೂಜೆ ಮಾಡುತ್ತಾರೆ.

ಕೆಜಿಎಫ್ ವಿಷಯದಲ್ಲಿ ಮಾತ್ರ ಇವರ ಮಾತು ಶುದ್ಧ ಸುಳ್ಳು. "ಘೋಸ್ಟ್ ಟೌನ್" ಅಂತೆ. ಗಣಿ ಮುಚ್ಚಿದ್ದು ಹೌದು, 2001ರ ಫೆಬ್ರವರಿ 28ಕ್ಕೆ. ಮೂರು ಕಿಲೋಮೀಟರಿಗೂ ಆಳದ ಗಣಿಯಾದ ಚಾಂಪಿಯನ್ ರೀಫ್‌ನಲ್ಲಿ ಈಗ ನೀರು ತುಂಬಿದೆ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡಗಳು ಹಾಗೇ ಇವೆ. ಆದರೆ ಊರು ಎಲ್ಲಿ ಖಾಲಿಯಾಗಿದೆ? ಬೆಳಗಿನ ಜಾವ ಕೆಜಿಎಫ್ ಊರಿನದೇ ಸ್ಟೇಷನ್ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲು ಒಂದು ಸಲ ಹತ್ತಿ ನೋಡಿ. ಸೀಟು ಸಿಕ್ಕಿದರೆ ಅದೇ ಪವಾಡ. ದೆವ್ವಗಳು ಪಾಸ್ ಮಾಡಿಸಿಕೊಂಡು ದಿನಾ ಕೆಲಸಕ್ಕೆ ಹೋಗುತ್ತವಾ?

ದೆವ್ವ ಅಂದಾಗ ನೆನಪಾಯಿತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆಲ್ಲ "ನಾಳೆ ಬಾ" ಅಂತ ಬರೆದಿರುತ್ತಿದ್ದರಲ್ಲ, ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ ಅಂತ. ನಮ್ಮ ದೊಡ್ಡಪ್ಪ ಆ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕಿದ್ದರು. "ನಮಗೂ ಕಚೇರಿಯಲ್ಲಿ ಅದನ್ನೇ ಹೇಳ್ತಾರಲ್ಲೋ, ಹಾಗಾದ್ರೆ ನಾವೂ ದೆವ್ವವೇ" ಅಂತ. ಮುಳುಗಡೆಯವರಿಗೆ ಕೊಟ್ಟ ಜಾಗ ದಾಖಲೆಯಲ್ಲಿ ಕಾಡಾಗಿಯೇ ಉಳಿದಿತ್ತು. ಅದನ್ನು ಕಾಡಿನ ಲೆಕ್ಕದಿಂದ ತೆಗೆಯುವ ಡಿನೋಟಿಫಿಕೇಶನ್ ಆಯಿತು, ರದ್ದಾಯಿತು, ಪಾದಯಾತ್ರೆ ಆಯಿತು, ಅರವತ್ತು ವರ್ಷ ದಾಟಿದರೂ ಹಕ್ಕುಪತ್ರದ ಗಲಾಟೆ ಮುಗಿದಿಲ್ಲ. ದೊಡ್ಡಪ್ಪ ಈಗಿಲ್ಲ.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಹೋಗಿ. ಆದರೆ ಹಿನ್ನೀರಿನ ಕೆಸರನ್ನು ನಂಬಬೇಡಿ, ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ಮೊಣಕಾಲು ತನಕ ಒಳಗೆ. ಗೋಡೆ ಹತ್ತಬೇಡಿ. ಹೆಸರು ಕೆತ್ತುವ ಪ್ರೇಮಿಗಳು ದಯವಿಟ್ಟು ಮನೆಯಲ್ಲೇ ಇರಿ. ಹತ್ತಿರದ ಊರಲ್ಲಿ ಟೀ ಕುಡಿಯುವಾಗ ವಯಸ್ಸಾದವರು ಸಿಕ್ಕಿದರೆ "ನಿಮ್ಮ ಹಳೇ ಮನೆ ಎಲ್ಲಿತ್ತು?" ಅಂತ ಸುಮ್ನೆ ಒಂದು ಮಾತು ಕೇಳಿ. ಬಸ್ಸು ತಪ್ಪಿದರೆ ನನ್ನನ್ನು ಬೈಯಬೇಡಿ.

ಅಕ್ಕನ ಮಗನಿಗೆ ಉತ್ತರ ಹಾಕಿದ್ದೇನೆ. ಮೇ ತಿಂಗಳಲ್ಲಿ ನೀರು ಇಳಿದರೆ ಕರೆದುಕೊಂಡು ಹೋಗುತ್ತೇನೆ, ಡ್ರೋನ್ ಬೇಡ, ಹಳೇ ಚಪ್ಪಲಿ ಹಾಕಿಕೊಂಡು ಬಾ, ಬರುವಾಗ ಸಾಗರದಲ್ಲಿ ಎರಡು ತೆಂಗಿನಕಾಯಿ ತಗೊ ಅಂತ. "ಕಾಯಿ ಯಾಕೆ ಮಾಮ?" ಅಂತ ಕೇಳಿದ್ದಾನೆ. ಬಾ, ಹೇಳ್ತೀನಿ.