ಟಾಂಜನೈಟ್ ಅನ್ನು ತಿರುಗಿಸಿ ನೋಡಿ
ಟಾಂಜನೈಟ್ ಎಂಬ ರತ್ನ ಅಂದ್ರೆ ನೀಲಮಣಿಗೆ ಅಗ್ಗದ ಬದಲಿ ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಈ ಕಲ್ಲಿನ ಸೊಗಸೇ ಬೇರೆ. ಬಿಡಿ ಕಲ್ಲನ್ನು ಬೆರಳ ತುದಿಯಲ್ಲಿ ಹಿಡಿದು ಸ್ವಲ್ಪ ತಿರುಗಿಸಿ ನೋಡಿ. ಒಂದು ಕಡೆಯಿಂದ ಕಡು ನೀಲಿ, ಇನ್ನೊಂದು ಕಡೆಯಿಂದ ನೇರಳೆ. ಹಳದಿ ಬಲ್ಬಿನ ಕೆಳಗೆ ಆ ನೇರಳೆ ಇನ್ನೂ ಜಾಸ್ತಿ ಎದ್ದು ಕಾಣುತ್ತದೆ. ಗಣಿ ಇರುವುದು ಟಾಂಜಾನಿಯಾದ ಮೆರೆಲಾನಿ ಬೆಟ್ಟದಲ್ಲಿ ಮಾತ್ರ, ಪತ್ತೆಯಾಗಿದ್ದು 1967ರಲ್ಲಿ. ನೆಲದಿಂದ ತೆಗೆದಾಗ ಹೆಚ್ಚಿನವು ಕಂದು ಬಣ್ಣ. ಕಾಯಿಸಿದ ಮೇಲೆ ನೀಲಿ ಬರುತ್ತದೆ, ಅದು ಮೋಸವೇನಲ್ಲ. ಆದರೆ ಕಲ್ಲುಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಮಾಪಕದಲ್ಲಿ ಇದರದು 6ರಿಂದ 7 ಅಷ್ಟೇ, ನೀಲಮಣಿಯದು 9. ದಿನಾ ಪಾತ್ರೆ ತೊಳೆಯುವ ಕೈಗೆ ಉಂಗುರ ಬೇಡ, ಓಲೆಯನ್ನೋ ಪೆಂಡೆಂಟನ್ನೋ ಮಾಡಿಸಿ. ತೊಳೆಯಲು ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಲು ಬಿಡಬೇಡಿ, ಬಿರುಕು ಬಿಡಬಹುದು.