ಬೆವರ ಹನಿಯೇ ಕಲೆಯ ಅಳತೆಗೋಲೇ?

ಪುಣೆಯಲ್ಲೇ ರೂಪುಗೊಂಡು 2020ರಲ್ಲಿ ಬಿಡುಗಡೆಯಾದ, ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಕಲೆಯಿಂದ ಪ್ರೇರಣೆ ಪಡೆದು ತೊಗಲುಗೊಂಬೆಯಾಟದಂತೆ ನೆರಳುಗಳಲ್ಲಿ ಕಥೆ ಹೇಳುವ ‘ರಾಜಿ’ ಎಂಬ ವಿಡಿಯೊ ಗೇಮನ್ನು ನಿನ್ನೆ ಕೋಥ್ರೂಡಿನ ಮನೆಯಲ್ಲಿ ತೋರಿಸಿದರೆ, ಅಕ್ಕನ ಮಗ ಅರೆಗಳಿಗೆ ನೋಡಿ, ‘ಮಾಮ, ಇದು ರಿಯಲ್ ಆಗಿ ಕಾಣಲ್ಲ’ ಎಂದು ಎದ್ದುಹೋದ. ಈ ಮಾತನ್ನು ಇನ್ನೆಷ್ಟು ಜನರಿಂದ ಕೇಳಬೇಕು? ನಾಯಕನ ಹಣೆಯ ಬೆವರು, ಗಡ್ಡದ ಒಂದೊಂದು ಕೂದಲು, ಒದ್ದೆ ರಸ್ತೆಯಲ್ಲಿ ಹೊಳೆಯುವ ದೀಪ ಇವಿಷ್ಟಿದ್ದರೆ ನೂರು ಜಿಬಿ ಡೌನ್‌ಲೋಡ್‌ಗೆ ರಾತ್ರಿಯಿಡೀ ಕಾಯುತ್ತಾರೆ, ಗ್ರಾಫಿಕ್ಸ್ ಕಾರ್ಡಿಗೆ ಸಾಲವನ್ನೂ ಮಾಡುತ್ತಾರೆ. ಕೆಲವೇ ವರ್ಷಗಳಲ್ಲಿ ಅದೇ ಮುಖ ಮೇಣದ ಬೊಂಬೆಯಂತೆ ಕಾಣತೊಡಗುತ್ತದೆ. ಕುಂಚದ ಗೆರೆಗಳಲ್ಲೇ ಲೋಕವೊಂದನ್ನು ಕಟ್ಟಿದ 2006ರ ‘ಓಕಾಮಿ’ ಗೇಮಿಗೆ ಇಂದಿಗೂ ಮುಪ್ಪು ತಟ್ಟಿಲ್ಲ. 2017ರ ‘ಕಪ್‌ಹೆಡ್’ನ ಪಾತ್ರಗಳ ಒಂದೊಂದು ಚಲನೆಯನ್ನೂ ಕಲಾವಿದರು ಕಾಗದದ ಮೇಲೆ ಕೈಯಾರೆ ಬಿಡಿಸಿದರು, ಅದನ್ನೂ ‘ಮಕ್ಕಳ ಕಾರ್ಟೂನು’ ಎಂದು ತಳ್ಳಿಹಾಕುವವರು ಪರದೆಯನ್ನು ನೋಡುತ್ತಿದ್ದಾರೆಯೇ, ಬರೀ ಪಿಕ್ಸೆಲ್ ಎಣಿಸುತ್ತಿದ್ದಾರೆಯೇ?